ಇಲ್ಲದ ತೂತು: ಒಂದು ಜೆಡ್‌ಎಫ್‌ಎಸ್ ಬಗ್ ಹಿಂದೆ ಬಿದ್ದು

ನಮ್ಮ ಕ್ಲಬ್ ರೂಮಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ನೋಡಿರ್ತೀರಿ. ರಾಜ್ಯೋತ್ಸವದ ನಾಟಕಗಳ ರೆಕಾರ್ಡಿಂಗು, ಹಳೇ ಸಂಚಿಕೆಗಳು, ಫೋಟೋಗಳು ಎಲ್ಲಾ ಅದರಲ್ಲೇ ಇರೋದು. ಸೀನಿಯರ್ ಒಬ್ಬರು 2023ರಲ್ಲಿ ಡೆಬಿಯನ್ 12 ಹಾಕಿ, ಎರಡು ಹಾರ್ಡ್‌ಡಿಸ್ಕ್ ಜೋಡಿಸಿ ಜೆಡ್‌ಎಫ್‌ಎಸ್ ಮಾಡಿಕೊಟ್ಟು, ಪಾಸಾಗಿ ಹೋದರು. ಆಮೇಲೆ ಅದನ್ನು ಯಾರೂ ಅಪ್‌ಡೇಟ್ ಮಾಡಿಲ್ಲ. ಕೆಲಸ ಮಾಡ್ತಿರೋದನ್ನ ಯಾಕೆ ಮುಟ್ಟೋದು ಅನ್ನೋದು ನಮ್ಮ ವಾದವೂ ಆಗಿತ್ತು.

ಈ ಸೆಮಿಸ್ಟರ್ ಆಪರೇಟಿಂಗ್ ಸಿಸ್ಟಮ್ಸ್ ಸೆಮಿನಾರಿಗೆ ವಿಷಯ ಹುಡುಕುವಾಗ ಓಪನ್‌ಜೆಡ್‌ಎಫ್‌ಎಸ್‌ನ 15526ನೇ ನಂಬರಿನ ಬಗ್ ನಮ್ಮ ಕಣ್ಣಿಗೆ ಬಿತ್ತು. 2023ರ ನವೆಂಬರಿನದು. ಜೆಂಟೂ ಲಿನಕ್ಸ್ ಬಳಸುವವರೊಬ್ಬರು ಗೋ ಭಾಷೆಯ ಕಂಪೈಲರ್ ಇನ್‌ಸ್ಟಾಲ್ ಮಾಡಿದಾಗ ಕೆಲವು ಫೈಲುಗಳ ಮಧ್ಯೆ ಡೇಟಾ ಇರಬೇಕಾದ ಕಡೆ ಬರೀ ಸೊನ್ನೆಗಳು ಬಂದಿದ್ದವು. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಮೊದಲ ಅನುಮಾನ ಹೊಸಬನ ಮೇಲೆ. ಅಕ್ಟೋಬರಿನಲ್ಲಷ್ಟೇ ಬಂದಿದ್ದ 2.2.0 ಆವೃತ್ತಿಯಲ್ಲಿ ಬ್ಲಾಕ್ ಕ್ಲೋನಿಂಗ್ ಅಂತ ಹೊಸ ಸೌಲಭ್ಯ ಇತ್ತು. ಕಾಪಿ ಮಾಡುವಾಗ ಡೇಟಾವನ್ನು ಮತ್ತೆ ಬರೆಯದೆ ಹಳೇ ಬ್ಲಾಕನ್ನೇ ಹಂಚಿಕೊಳ್ಳುವ ಉಪಾಯ. 2.2.1ರಲ್ಲಿ ಅದನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. ಅಲ್ಲಿಗೆ ಫೈಲ್ ಕ್ಲೋಸ್ ಆಗಬಹುದಿತ್ತು. ಆದರೆ ಕೆಲವರು ಬಿಡಲಿಲ್ಲ. ಕ್ಲೋನಿಂಗ್ ಆಫ್ ಇದ್ದರೂ ಪರೀಕ್ಷೆ ಮಾಡಿದರು, ಬಂತು. ಆ ಸೌಲಭ್ಯವೇ ಇಲ್ಲದ 2.1 ಸರಣಿಯಲ್ಲಿ ಮಾಡಿದರು, ಅಲ್ಲೂ ಬಂತು. ಅಂದ್ರೆ ಹೊಸಬ ನಿರಪರಾಧಿ; ಕಳ್ಳ ಮನೆಯೊಳಗೆ ಮೊದಲಿನಿಂದಲೂ ಇದ್ದ.

ಏನಾಗ್ತಿತ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ನಮಗೂ ಅರ್ಥವಾಗೋಕೆ ಎರಡು ದಿನ ಬೇಕಾಯ್ತು. ಕೆಲವು ಫೈಲುಗಳಲ್ಲಿ ‘ತೂತು’ ಇರುತ್ತದೆ. ಅಷ್ಟು ಭಾಗ ಪೂರ್ತಿ ಸೊನ್ನೆ ಅಂತ ಗೊತ್ತಿರುವುದರಿಂದ ಡಿಸ್ಕಿನಲ್ಲಿ ಅದಕ್ಕೆ ಜಾಗವನ್ನೇ ಕೊಟ್ಟಿರುವುದಿಲ್ಲ. ಕಾಪಿ ಮಾಡುವ ‘ಸಿಪಿ’ ಜಾಣ ಕಮಾಂಡು. ತೂತನ್ನು ಓದುತ್ತಾ ಕೂರುವ ಬದಲು ‘ಮುಂದಿನ ಡೇಟಾ ಎಲ್ಲಿದೆ?’ ಅಂತ ಫೈಲ್ ಸಿಸ್ಟಮನ್ನೇ ಕೇಳಿ ಅಲ್ಲಿಗೆ ಹಾರುತ್ತದೆ.

ಇನ್ನೊಂದು ಕಡೆ ಜೆಡ್‌ಎಫ್‌ಎಸ್ ನಾವು ಬರೆದದ್ದನ್ನು ಕೂಡಲೇ ಡಿಸ್ಕಿಗೆ ಹಾಕುವುದಿಲ್ಲ. ಮೆಮೊರಿಯಲ್ಲಿ ಗುಡ್ಡೆ ಹಾಕಿಕೊಂಡು, ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಒಟ್ಟಿಗೆ ಬರೆಯುತ್ತದೆ. ಹಾಗಾಗಿ ಯಾರಾದರೂ ತೂತಿನ ಬಗ್ಗೆ ಕೇಳಿದರೆ, ಈ ಫೈಲಿಗೆ ಇನ್ನೂ ಬರೆಯೋದು ಬಾಕಿ ಇದೆಯಾ ಅಂತ ಮೊದಲು ನೋಡಬೇಕು. ಬಾಕಿ ಇದ್ದರೆ ಬರೆದು ಮುಗಿಸಿ ಉತ್ತರ ಹೇಳಬೇಕು. ಆ ‘ಬಾಕಿ ಇದೆಯಾ’ ಅನ್ನೋ ಪರೀಕ್ಷೆಯಲ್ಲೇ ಲೋಪ. ಒಂದು ಚಿಕ್ಕ ಗಳಿಗೆಯಲ್ಲಿ ಡೇಟಾ ಬಾಕಿ ಇದ್ದರೂ ಫೈಲು ‘ಎಲ್ಲಾ ಮುಗೀತು’ ಅನ್ನುವ ಹಾಗೆ ಕಾಣುತ್ತಿತ್ತು. ಸರಿಯಾಗಿ ಆಗಲೇ ಸಿಪಿ ಬಂದು ಕೇಳಿದರೆ, ಡಿಸ್ಕಿನ ಹಳೇ ಲೆಕ್ಕ ನೋಡಿ ‘ಇಲ್ಲಿ ತೂತು’ ಅಂತ ಉತ್ತರ. ಸಿಪಿ ನಂಬಿ ಹಾರಿತು. ಮೂಲ ಫೈಲು ಸರಿ ಇದೆ, ನಕಲಿನಲ್ಲಿ ಸೊನ್ನೆ.

ನಮಗೆ ಭಯ ಆಗಿದ್ದು ಇದರ ಮುಂದಿನ ಭಾಗಕ್ಕೆ. ಜೆಡ್‌ಎಫ್‌ಎಸ್‌ನ ಹೆಮ್ಮೆಯೇ ಚೆಕ್‌ಸಮ್. ಸ್ಕ್ರಬ್ ಓಡಿಸಿದರೆ ಪ್ರತಿ ಬ್ಲಾಕನ್ನೂ ತಾಳೆ ನೋಡುತ್ತದೆ. ಆದರೆ ಇಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ, ಯಾಕಂದ್ರೆ ಆ ತಪ್ಪು ನಕಲನ್ನು ಅದು ಪ್ರಾಮಾಣಿಕವಾಗಿ ಕಾಪಾಡುತ್ತಿದೆ. ಕ್ಲಬ್ ಕಂಪ್ಯೂಟರಿನಲ್ಲಿ ಆವೃತ್ತಿ ನೋಡಿದೆವು: 2.1.11. ಪರಿಹಾರ ಬಂದಿದ್ದು 2.2.2 ಮತ್ತು 2.1.14ರಲ್ಲಿ.

ಬಗ್ಗನ್ನು ನಾವೇ ಬರಿಸಿ ನೋಡೋಣ ಅಂತ ಹಾಸ್ಟೆಲಿನಲ್ಲಿ ಕೂತೆವು. ಫೈಲು ಬರೆ, ತಕ್ಷಣ ಕಾಪಿ ಮಾಡು, ಆ ಕಾಪಿಯನ್ನು ಮತ್ತೆ ಕಾಪಿ ಮಾಡು, ಕೊನೆಗೆ ಎಲ್ಲವನ್ನೂ ಮೊದಲನೆಯದರ ಜೊತೆ ಹೋಲಿಸು, ಇಷ್ಟೇ ಸ್ಕ್ರಿಪ್ಟು. ವರ್ಚುವಲ್ ಮಶೀನಿನಲ್ಲಿ ಉಬುಂಟು 22.04. ರಾತ್ರಿಯೆಲ್ಲಾ ಓಡಿತು, ಏನೂ ಇಲ್ಲ. ‘ನಮ್ಮಲ್ಲಿ ಬರಲ್ಲ’ ಅಂತ ಸೆಮಿನಾರಿನ ಸ್ಲೈಡು ಕೂಡ ಮಾಡಿಬಿಟ್ಟಿದ್ದೆವು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಮ್ಮಲ್ಲೊಬ್ಬಳು ಕೇಳಿದಳು: ‘ಜೆಡ್‌ಎಫ್‌ಎಸ್ ಆವೃತ್ತಿ ನೋಡಿದ್ವಿ, ಸಿಪಿದು ಯಾವುದು?’

ಅದು ಕೋರ್‌ಯುಟಿಲ್ಸ್ 8.32. ತೂತನ್ನು ಈ ರೀತಿ ಕೇಳುವ ಅಭ್ಯಾಸ ಸಿಪಿಗೆ ಬಂದಿದ್ದು 9.0ರಿಂದ. ನಾವು ರಾತ್ರಿಯಿಡೀ ಪರೀಕ್ಷೆ ಮಾಡಿದ್ದು ಆ ಪ್ರಶ್ನೆಯನ್ನೇ ಕೇಳದ ಕಮಾಂಡನ್ನು! ಕ್ಲಬ್ಬಿನ ಡೆಬಿಯನ್‌ನಲ್ಲಿ ಇರೋದು 9.1. ಅದೇ ಜೋಡಿ ಹಾಕಿ, ಒಟ್ಟಿಗೆ ಎಂಟು ಸ್ಕ್ರಿಪ್ಟು ಓಡಿಸಿದ ಮೇಲೆ ಮೂರನೇ ಸುತ್ತಿನಲ್ಲಿ ಒಂದು ಫೈಲು ಬೇರೆ ಬಂತು. ತೆರೆದರೆ ಸೊನ್ನೆ, ಸೊನ್ನೆ, ಸೊನ್ನೆ. ಬಗ್ ನೋಡಿ ಚಪ್ಪಾಳೆ ಹೊಡೆದಿದ್ದು ಅದೇ ಮೊದಲು.

2021ರಲ್ಲೂ ಇದೇ ತೂತಿನ ಪ್ರಶ್ನೆಯ ಸುತ್ತ ಒಂದು ಬಗ್ ಸಿಕ್ಕಿ, ಸರಿಮಾಡಿ, ಮುಚ್ಚಿದ್ದರು. ಹಾಗಾಗಿ ಕ್ಲೋಸ್ ಆದ ಬಗ್‌ಗಳನ್ನೂ ಓದುವ ಚಟ ನಮಗೀಗ ಹತ್ತಿದೆ. ಯಾವುದಾದರೂ ಬಗ್ ಕೆಳಗೆ ‘ನನಗೂ ಬರ್ತಿದೆ’ ಅಂತ ಬರೆಯೋಕೆ ಹೋದರೆ ಕರ್ನಲ್, ಫೈಲ್ ಸಿಸ್ಟಮ್, ಕಾಪಿ ಮಾಡಿದ ಕಮಾಂಡು ಮೂರರ ಆವೃತ್ತಿಯನ್ನೂ ಹಾಕಿ. ಬರದೇ ಇದ್ದ ಕಡೆಯದನ್ನೂ ಹಾಕಿ. ನಮ್ಮ ವ್ಯರ್ಥ ರಾತ್ರಿಯಿಂದಲೇ ಸಿಪಿಯ ಪಾತ್ರ ನಮಗೆ ತಿಳಿದದ್ದು.

ಕ್ಲಬ್ ಕಂಪ್ಯೂಟರನ್ನು ಅಪ್‌ಡೇಟ್ ಮಾಡಿದ್ದೇವೆ. ಫೋಟೋಗಳ ಮೂಲ ಮೆಮೊರಿ ಕಾರ್ಡಿನಲ್ಲಿ ಇನ್ನೂ ಇತ್ತು, ಹ್ಯಾಶ್ ಹೋಲಿಸಿದೆವು, ಎಲ್ಲಾ ಸರಿ. ನಾಟಕಗಳದ್ದೇ ಕಷ್ಟ. ಎಡಿಟ್ ಮುಗಿದ ಕೂಡಲೇ ಅಲ್ಲೇ ಕಾಪಿ ಮಾಡಿ ಮೂಲ ಅಳಿಸಿದ್ದರಂತೆ. ಹೋಲಿಸೋಕೆ ಏನೂ ಉಳಿದಿಲ್ಲ. ಉದ್ದನೆಯ ಸೊನ್ನೆಯ ಸಾಲು ಹುಡುಕುವ ಒಂದು ಪ್ರೋಗ್ರಾಂ ಬರೆದಿದ್ದೇವೆ, ಆದರೆ ಸಾಚಾ ಫೈಲಿನಲ್ಲೂ ಸೊನ್ನೆ ಇರಬಹುದು. ಅದಕ್ಕೇ ಒಂದೊಂದಾಗಿ ಕೂತು ಪೂರ್ತಿ ನೋಡ್ತಿದ್ದೇವೆ. ನಾಲ್ಕು ಮುಗಿದಿವೆ, ಒಂದೂ ಕೆಟ್ಟಿಲ್ಲ. ಇನ್ನೂ ಮೂರು ಬಾಕಿ. ಶನಿವಾರ ಸಂಜೆ ಐದಕ್ಕೆ ಕ್ಲಬ್ ರೂಮಿಗೆ ಬನ್ನಿ, ಕಣ್ಣುಗಳು ಸಾಲ್ತಿಲ್ಲ.