ಗುರಿಯ ಹಿಂದಿನ ತಡೆ: ಬಿಲ್ವಿದ್ಯೆಯ ಮೊದಲ ಪಾಠ

ದ್ರೋಣಾಚಾರ್ಯರು ತಮ್ಮ ಶಿಷ್ಯರನ್ನು ಪರೀಕ್ಷಿಸಿದ ಕಥೆ ನಮ್ಮ ಮಕ್ಕಳೆಲ್ಲರಿಗೂ ತಿಳಿದುದೇ. ಮರದ ತುದಿಯಲ್ಲಿ ಕೃತಕ ಪಕ್ಷಿಯೊಂದನ್ನಿರಿಸಿ ‘ಏನು ಕಾಣುತ್ತಿದೆ?’ ಎಂದು ಒಬ್ಬೊಬ್ಬರನ್ನೂ ಕೇಳಲಾಗಿ, ಉಳಿದವರಿಗೆ ಮರವೂ ಬಂಧುಬಳಗವೂ ಕಂಡವು. ಅರ್ಜುನನಿಗೆ ಹಕ್ಕಿಯ ತಲೆಯೊಂದೇ ಕಂಡಿತು. ಏಕಾಗ್ರತೆಗೆ ಇದಕ್ಕಿಂತ ಮಿಗಿಲಾದ ದೃಷ್ಟಾಂತವಿಲ್ಲವೆಂದು ನಾವು ತರಗತಿಗಳಲ್ಲಿ ಬೋಧಿಸುತ್ತ ಬಂದಿದ್ದೇವೆ. ಆದರೆ ಹಕ್ಕಿಯ ತಲೆಯನ್ನು ಕತ್ತರಿಸಿದ ಆ ಬಾಣ ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ಕಥೆಯಲ್ಲಿ ಆ ಪ್ರಶ್ನೆ ಅನವಶ್ಯಕ. ಶಾಲೆಯ ಅಂಗಳದಲ್ಲಿ ಅದೇ ಪ್ರಥಮ ಪ್ರಶ್ನೆ. ಗುರಿಯೊಂದನ್ನೇ ಕಾಣುವುದು ಬಿಲ್ಗಾರನ ಧರ್ಮ. ಗುರಿಯ ಹಿಂದೆ ಏನಿದೆಯೆಂದು ಕಾಣುವುದು ಗುರುವಿನ ಧರ್ಮ.

ನಮ್ಮ ನುಡಿಯಲ್ಲಿ ಈ ವಿದ್ಯೆಗೆ ಸಂಬಂಧಿಸಿದ ಶಬ್ದಸಂಪತ್ತು ಬಹು ದೊಡ್ಡದು. ಅಂಬು, ಕಣೆ, ಸರಳು ಎಂಬಿವು ಬಾಣದ ಹೆಸರುಗಳು. ಹೆದೆ, ಬತ್ತಳಿಕೆ, ಗರಿ, ಮೊನೆ ಎಂಬಿವು ಅದರ ಪರಿಕರಗಳ ಹಾಗೂ ಅಂಗಗಳ ಹೆಸರುಗಳು. ಬಿಲ್ವಿದ್ಯೆಯನ್ನು ಕಲಿಸುವವನು ಹಳಗನ್ನಡದಲ್ಲಿ ‘ಬಿಲ್ಲೋಜ’. ಇದರಲ್ಲಿರುವ ‘ಓಜ’ ಎಂಬುದು ‘ಉಪಾಧ್ಯಾಯ’ ಶಬ್ದದ ತದ್ಭವ. ಅಂದಮೇಲೆ ಬಿಲ್ಲನ್ನು ಮಗುವಿನ ಕೈಗೆ ಕೊಡುವವನು ಮೊದಲು ಉಪಾಧ್ಯಾಯನಾಗಿರಬೇಕೆಂಬುದು ಶಬ್ದದಲ್ಲಿಯೇ ಅಡಗಿದೆ.

ಇಂದು ಬಿಲ್ಲು ಯುದ್ಧದ ಆಯುಧವಲ್ಲ, ಬೇಟೆಯ ಸಾಧನವೂ ಅಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿರ್ಬಂಧಿಸಿತು. ಅದೇ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆ ಐದು ದಶಕಗಳ ಬಳಿಕ ಮರಳಿ ಸೇರ್ಪಡೆಯಾಯಿತು. ರಾಜಸ್ಥಾನದ ಅಹಾರಿ ಬುಡಕಟ್ಟಿನ ಲಿಂಬಾ ರಾಮ್ ೧೯೮೮, ೧೯೯೨ ಹಾಗೂ ೧೯೯೬ರ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಬಿದಿರಿನ ಬಿಲ್ಲಿನಿಂದ ಅಭ್ಯಾಸ ಆರಂಭಿಸಿದ ರಾಂಚಿಯ ದೀಪಿಕಾ ಕುಮಾರಿ ೨೦೧೦ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನದ ಪದಕ ಗಳಿಸಿದರು. ತೋಳುಗಳಿಲ್ಲದೆ ಜನಿಸಿ ಕಾಲಿನಿಂದಲೇ ಬಿಲ್ಲನ್ನು ಹಿಡಿಯುವ ಶೀತಲ್ ದೇವಿ ೨೦೨೪ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಅವರೊಡನೆ ಕಂಚಿನ ಪದಕ ಪಡೆದರು. ಇವರಾರೂ ಸಿರಿವಂತರ ಮನೆಯಲ್ಲಿ ಹುಟ್ಟಿದವರಲ್ಲ. ಹನೂರಿನ ಬೆಟ್ಟದ ಬದಿಯ ರೈತನ ಮಗಳಿಗೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ ಬಾಲಕನಿಗೂ ಈ ವಿದ್ಯೆ ಏಕೆ ದಕ್ಕಬಾರದು? ಸಿದ್ಧವಸ್ತುವಾಗಿ ದೊರೆಯುವ ಗುರಿದಿಂಡುಗಳ ಬೆಲೆ ಹಳ್ಳಿಯ ಶಾಲೆಗಳಿಗೆ ಎಟುಕದು. ಹಾಗೆಂದು ತಡೆಯಿಲ್ಲದೆ ಬಾಣ ಬಿಡಿಸುವುದು ಸಲ್ಲದು. ಇವೆರಡರ ನಡುವಣ ದಾರಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ತಡೆಯ ತತ್ತ್ವ

ಬಾಣವನ್ನು ನಿಲ್ಲಿಸಲು ಗಟ್ಟಿಯಾದ ವಸ್ತು ಬೇಕೆಂಬುದು ಸಾಮಾನ್ಯ ಭ್ರಮೆ. ೨೦ ಗ್ರಾಂ ತೂಕದ ಅಂಬೊಂದು ಸೆಕೆಂಡಿಗೆ ೪೦ ಮೀಟರು ವೇಗದಲ್ಲಿ ಬರುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿ ೧೬ ಜೂಲ್. ಮರದ ಹಲಗೆ ಅದನ್ನು ೨ ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಅಂಬಿನ ಮೇಲೆ ಬೀಳುವ ಸರಾಸರಿ ಒತ್ತಡ ಸುಮಾರು ೮೦ ಕಿಲೋ ಭಾರಕ್ಕೆ ಸಮಾನ. ಹುಲ್ಲಿನ ದಿಂಡು ಅದನ್ನೇ ೨೦ ಸೆಂಟಿಮೀಟರು ಒಳಬಿಟ್ಟುಕೊಂಡು ನಿಲ್ಲಿಸಿದರೆ ಆ ಒತ್ತಡ ೮ ಕಿಲೋ ಭಾರದಷ್ಟಕ್ಕೆ ಇಳಿಯುತ್ತದೆ. ಮೊದಲನೆಯದರಲ್ಲಿ ಅಂಬು ಮುರಿಯುತ್ತದೆ, ಇಲ್ಲವೆ ಹಿಂದಕ್ಕೆ ಪುಟಿಯುತ್ತದೆ. ಎರಡನೆಯದರಲ್ಲಿ ಅಂಬೂ ಉಳಿಯುತ್ತದೆ, ಮಗುವೂ ಕ್ಷೇಮ. ಕಲ್ಲಿನ ಕಾಂಪೌಂಡು ಗೋಡೆಯನ್ನೇ ನೇರವಾಗಿ ತಡೆಯೆಂದು ನಂಬಬಾರದೆಂಬುದು ಇದರಿಂದ ಸ್ಪಷ್ಟ. ಆದರೆ ಮೃದುವಾದುದೆಲ್ಲವೂ ತಡೆಯಾಗದು. ಅಂಬಿನ ಕೋಲನ್ನು ಸುತ್ತಲಿನಿಂದ ಒತ್ತಿ ಹಿಡಿದು, ಉಜ್ಜಿ ಉಜ್ಜಿ ವೇಗವನ್ನು ಕುಂದಿಸಬೇಕು. ಆದುದರಿಂದ ದಿಂಡು ಮೃದುವಾಗಿರಬೇಕು, ಸಡಿಲವಾಗಿರಬಾರದು.

ಸಾಮಗ್ರಿ

ನಮ್ಮ ಮೂರು ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ವಸ್ತುಗಳಿಗೆ ಕೊರತೆಯಿಲ್ಲ. ಯಳಂದೂರು ಮತ್ತು ಕೊಳ್ಳೇಗಾಲದ ನೀರಾವರಿ ಬಯಲಿನಲ್ಲಿ ಭತ್ತದ ಹುಲ್ಲು ದೊರೆಯುತ್ತದೆ. ಕಬ್ಬಿನ ಗದ್ದೆಗಳಲ್ಲಿ ತರಗು ಸಿಗುತ್ತದೆ. ಹನೂರಿನ ಬೆದ್ದಲು ನಾಡಿನಲ್ಲಿ ರಾಗಿಹುಲ್ಲು ಉಂಟಾದರೂ ಅದು ದನಗಳ ಆಹಾರ. ಅವುಗಳ ಬಾಯಿಂದ ಕಿತ್ತು ಆಟಕ್ಕೆ ಬಳಸುವುದು ತರವಲ್ಲ. ಮಳೆಗೆ ನೆನೆದು ಮೇವಿಗೆ ಬಾರದ ಹುಲ್ಲಿದ್ದರೆ ಚೆನ್ನಾಗಿ ಒಣಗಿಸಿ ಬಳಸಬಹುದು. ಅದೂ ಇಲ್ಲದಿದ್ದರೆ ದರ್ಜಿಯ ಅಂಗಡಿಯ ಚಿಂದಿ, ಹಳೆಯ ಸೀರೆ ಪಂಚೆಗಳು ಹುಲ್ಲಿಗಿಂತಲೂ ಲೇಸು. ಗುಂಡಿ, ಕೊಕ್ಕೆಗಳನ್ನು ಮಾತ್ರ ಕಿತ್ತುಬಿಡಬೇಕು. ರೇಷ್ಮೆ ಸಾಕುವ ಮನೆಗಳಲ್ಲಿ ರಾಶಿಬಿದ್ದಿರುವ ಹಿಪ್ಪುನೇರಳೆ ಕಡ್ಡಿಯನ್ನು ಕಂಡು ಆಸೆಪಡಬಾರದು. ಗಡುಸಾದ ಕಡ್ಡಿಗೆ ತಗುಲಿದ ಅಂಬು ದಿಕ್ಕು ತಪ್ಪುತ್ತದೆ.

ಇವಲ್ಲದೆ ಬೇಕಾದುವು ದಿಂಡಿಗೆ ಆರು ಹಳೆಯ ಗೋಣಿಚೀಲಗಳು, ಪರದೆಗೆ ಬೇರೆ ಒಂದಷ್ಟು ಹರಿದ ಚೀಲಗಳು, ನಾಲ್ಕು ಬಿದಿರುಗಳ, ದಬ್ಬಳ, ಹುರಿ ಮತ್ತು ಹಗ್ಗ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಬಹುಬೇಗ ಪುಡಿಯಾಗುವುದರಿಂದ ಗೋಣಿಯೇ ಮೇಲು. ಹಣ ತೆತ್ತು ತರಬೇಕಾದುದು ಬಹುಮಟ್ಟಿಗೆ ಹುರಿ ಹಗ್ಗಗಳನ್ನು ಮಾತ್ರ.

ಕಟ್ಟುವ ಕ್ರಮ

ಎರಡು ಅಡಿ ಅಗಲ, ಮೂರು ಅಡಿ ಉದ್ದದ ಚೀಲಕ್ಕೆ ಹುಲ್ಲನ್ನು ಹಿಡಿಹಿಡಿಯಾಗಿ ಹಾಕಿ, ಪ್ರತಿ ಪದರವನ್ನೂ ಕಾಲಿನಿಂದ ತುಳಿದು ಅಡಕಬೇಕು. ಮುಷ್ಟಿಯಿಂದ ಗುದ್ದಿದರೆ ತಗ್ಗು ಬೀಳದಷ್ಟು ಬಿಗಿಯಾದ ಮೇಲೆ ಬಾಯಿಯನ್ನು ದಬ್ಬಳದಿಂದ ಹೊಲಿಯಬೇಕು. ಇಂತಹ ಎರಡು ಚೀಲಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿದರೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಮೈ ದೊರೆಯುತ್ತದೆ. ಎರಡರ ನಡುವಣ ಸಂದೇ ದುರ್ಬಲ ಸ್ಥಾನ. ನಾವು ಗುರಿಯಿಡುವುದೂ ನಟ್ಟನಡುವಿಗೇ. ಆದುದರಿಂದ ಹಿಂದಿನ ಸಾಲಿನಲ್ಲಿ ಮೂರು ಚೀಲಗಳನ್ನಿರಿಸಿ, ನಡುವಿನದು ಮುಂದಿನ ಸಂದನ್ನು ಮುಚ್ಚುವಂತೆ ನೋಡಿಕೊಳ್ಳಬೇಕು. ಆರನೆಯ ಚೀಲ ಸವೆದುದರ ಬದಲಿಗೆ ಮೀಸಲು. ಹಿಂದೆ ಮುಂದೆ ಬಿದಿರುಗಳಗಳನ್ನು ಅಂಚಿಗೆ ಕೊಟ್ಟು ಹಗ್ಗದಿಂದ ಬಿಗಿದು, ಹಿಂದಕ್ಕೆ ತುಸು ವಾಲುವಂತೆ ನಿಲ್ಲಿಸಬೇಕು. ಇಡೀ ದಿಂಡನ್ನು ಎರಡೂಮುಕ್ಕಾಲು ಅಡಿ ಎತ್ತರದ ಭದ್ರವಾದ ಪೀಠದ ಮೇಲಿರಿಸಿದರೆ ಅದರ ನಡುಬಿಂದು ನೆಲದಿಂದ ಸುಮಾರು ೧೩೦ ಸೆಂಟಿಮೀಟರು ಎತ್ತರಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ಅಳತೆಯೂ ಅದೇ. ಪೀಠದ ಕಾಲುಗಳ ಕೆಳಗೆ ಚಪ್ಪಡಿಯಿಟ್ಟರೆ ಗೆದ್ದಲಿನ ಕಾಟ ಕಡಿಮೆ. ಮಳೆಯಲ್ಲಿ ನೆನೆಯಗೊಡಬಾರದು.

ದಿಂಡನ್ನು ತಪ್ಪಿದ ಅಂಬುಗಳಿಗಾಗಿ, ಮೂರು ನಾಲ್ಕು ಅಡಿ ಹಿಂದೆ ಇನ್ನೊಂದು ತಡೆ ಅವಶ್ಯಕ. ಹರಿದ ಗೋಣಿಗಳನ್ನು ಬಿಚ್ಚಿ, ಎರಡು ಮೂರು ಪದರ ಸೇರಿಸಿ ಹೊಲಿದು, ಹತ್ತು ಅಡಿ ಅಗಲದ ಪರದೆಯಾಗಿ ಗಳಕ್ಕೆ ತೂಗುಬಿಡಬೇಕು. ಕೆಳಗಿನ ಅಂಚು ನೆಲದ ಮೇಲೆ ಮಡಿಕೆ ಬಿದ್ದು ಹೊರಳಾಡುವಷ್ಟು ಉದ್ದವಿರಲಿ. ದಿಂಡಿನ ನಿಯಮ ಇಲ್ಲಿ ತಿರುಗುಮುರುಗು: ಪರದೆ ಸಡಿಲವಾಗಿರಬೇಕು, ಬಿಗಿಯಾಗಿರಬಾರದು. ಬಿಗಿದ ಬಟ್ಟೆಯನ್ನು ಅಂಬು ತೂರಿಹೋಗುತ್ತದೆ. ತೂಗುವ ಬಟ್ಟೆ ಅಂಬಿನೊಡನೆ ಹಿಂದಕ್ಕೆ ಸರಿದು ಅದರ ವೇಗವನ್ನು ನುಂಗುತ್ತದೆ. ಆದರೂ ಪರದೆಯನ್ನೇ ಕೊನೆಯ ಆಶ್ರಯವೆಂದು ತಿಳಿಯಬಾರದು. ಅದರ ಹಿಂದೆ ಕಲ್ಲು ಆಯ್ದು ತೆಗೆದ ಎತ್ತರದ ಮಣ್ಣಿನ ದಿಬ್ಬವಾಗಲಿ, ಜನ ದನಗಳು ಸುಳಿಯದ ವಿಶಾಲ ಬಯಲಾಗಲಿ ಇರಲೇಬೇಕು. ಹಿಂದೆ ಓಣಿಯೋ ಮನೆಯೋ ಇದ್ದಲ್ಲಿ ಆ ಸ್ಥಳವನ್ನು ಕೈಬಿಡುವುದೇ ವಿವೇಕ.

ಅಂಗಳದ ನಿಯಮಗಳು

ಕಟ್ಟಿ ಮುಗಿಸಿದ ದಿನವೇ ಮಕ್ಕಳ ಕೈಗೆ ಬಿಲ್ಲು ಕೊಡಬಾರದು. ಅವರು ಬಳಸಲಿರುವ ಬಿಲ್ಲಿನಿಂದಲೇ, ಅನುಭವವುಳ್ಳ ಉಪಾಧ್ಯಾಯರು ಐದಾರು ಮೀಟರು ದೂರದಿಂದ ದಿಂಡಿನ ಎಲ್ಲ ಭಾಗಗಳಿಗೂ ಬಾಣ ಬಿಟ್ಟು, ಹಿಂಬದಿಯನ್ನು ಪರಿಶೀಲಿಸಬೇಕು. ಮೊನೆ ಎಲ್ಲಿಯಾದರೂ ಹೊರಗಿಣುಕಿದರೆ ಅಲ್ಲಿ ಇನ್ನಷ್ಟು ತುಂಬಬೇಕು. ಅಗಲ ಅಲಗಿನ ಬಾಣಗಳು ಕೂಡದು. ಕಲಿಯುವವರು ಐದಾರು ಮೀಟರಿನಿಂದ ತೊಡಗಿ, ಅಂಬು ತಪ್ಪದೆ ದಿಂಡಿನಲ್ಲಿ ನಾಟುವಂತಾದ ಮೇಲೆ ಹತ್ತಕ್ಕೆ, ಬಳಿಕ ಒಳಾಂಗಣ ಸ್ಪರ್ಧೆಯ ದೂರವಾದ ೧೮ ಮೀಟರಿಗೆ ಸರಿಯಬಹುದು.

ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಅಂತರರಾಷ್ಟ್ರೀಯ ಪದ್ಧತಿಯಂತೆ ಎರಡು ಸೀಟಿಗೆ ಗೆರೆಗೆ ಬರುವುದು, ಒಂದಕ್ಕೆ ಬಾಣ ಬಿಡಲಾರಂಭಿಸುವುದು, ಮೂರಕ್ಕೆ ಬಾಣ ತರಲು ಹೋಗುವುದು. ಮೂರು ಸೀಟಿಯಾಗುವವರೆಗೆ ಗೆರೆಯನ್ನು ಯಾರೂ ದಾಟಕೂಡದು. ಅಂಬನ್ನು ಕೀಳುವಾಗ ಒಂದು ಕೈಯನ್ನು ದಿಂಡಿಗೆ ಒತ್ತಿ, ಇನ್ನೊಂದರಿಂದ ಕೋಲನ್ನು ಬುಡದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಕೀಳುವವನ ಬೆನ್ನಿಗೆ ಮತ್ತೊಬ್ಬ ನಿಂತಿರಬಾರದು, ಏಕೆಂದರೆ ಅಂಬಿನ ಬಾಲವೂ ಕಣ್ಣಿಗೆ ಅಪಾಯವೇ. ಅಭ್ಯಾಸ ಹೆಚ್ಚಿದಂತೆ ದಿಂಡಿನ ನಡುಭಾಗ ಮೊದಲು ಸವೆಯುತ್ತದೆ. ವಾರಕ್ಕೊಮ್ಮೆ ಗುರಿಯ ಕಾಗದವನ್ನು ಸ್ಥಳಾಂತರಿಸಿ, ಚೀಲಗಳನ್ನು ಅದಲುಬದಲು ಮಾಡಿ, ಸಡಿಲವಾದುದನ್ನು ಮರಳಿ ತುಂಬಬೇಕು. ಈ ಕೆಲಸವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುವುದು ಲೇಸು. ತಾನೇ ತುಳಿದು ತುಂಬಿದ ಚೀಲವನ್ನು ತೂರಿ ಬಂದ ಮೊನೆಯನ್ನು ಕಂಡ ಹುಡುಗನಿಗೆ ಬಿಲ್ಲಿನ ಬಲವೇನೆಂಬುದು ಉಪದೇಶವಿಲ್ಲದೆಯೇ ಅರ್ಥವಾಗುತ್ತದೆ.

ದಾನಿಗಳು ಬಿಲ್ಲು ಬಾಣಗಳನ್ನು ಕೊಡಿಸಲು ಮುಂದೆ ಬಂದಾಗ ಉಪಾಧ್ಯಾಯರು ಸಂತೋಷದಿಂದ ಸ್ವೀಕರಿಸಲಿ. ಆದರೆ ಅವನ್ನು ಪೆಟ್ಟಿಗೆಯಿಂದ ತೆಗೆಯುವ ಮುನ್ನ ಅಂಗಳದಲ್ಲಿ ದಿಂಡು ನಿಂತಿರಲಿ. ಬಿಲ್ಲು ಕೊಡಿಸಲಾರದ ಹಳೆಯ ವಿದ್ಯಾರ್ಥಿಯೂ ಒಂದು ಹೊರೆ ಹುಲ್ಲನ್ನು, ನಾಲ್ಕು ಹಳೆಯ ಚೀಲಗಳನ್ನು ಕೊಡಬಲ್ಲನು. ಒಂದು ಭಾನುವಾರ ಬಂದು ಮಕ್ಕಳೊಡನೆ ತುಳಿದು ತುಂಬಬಲ್ಲನು. ಗುರಿಯ ಮುಂದೆ ನಿಂತ ಮಗುವಿಗೆ ಪದಕ ದೊರೆಯುವುದೋ ಇಲ್ಲವೋ ಹೇಳಲಾಗದು. ಗುರಿಯ ಹಿಂದೆ ಸುಳಿಯುವ ಮಗು ಕ್ಷೇಮವಾಗಿ ಮನೆ ಸೇರಬೇಕಾದುದು ಮಾತ್ರ ನಮ್ಮ ಹೊಣೆ.