ಕಲ್ಲುಹೂವಿನ ಜಾತಿವಿಚಾರ

ಬಂಡೆಗಳ ಮೇಲೂ ಹಳೆಯ ಮರಗಳ ತೊಗಟೆಯ ಮೇಲೂ ಬೂದುಬಣ್ಣದ ಹಾಳೆಗಳಂತೆ ಹರಡುವ ಕಲ್ಲುಹೂವನ್ನು ರೈತರಲ್ಲನೇಕರು ಮರದ ರೋಗವೆಂದು ಭಾವಿಸಿ ಹೆರೆದುಹಾಕುವುದುಂಟು. ಇದು ತಪ್ಪು ತಿಳಿವಳಿಕೆ. ಬರಿಯ ಬಂಡೆಯ ಮೇಲೆ ಬದುಕಬಲ್ಲುದಕ್ಕೆ ಮರದ ರಸವೇಕೆ?

ಕಲ್ಲುಹೂವು ಒಂದೇ ಜೀವಿಯಲ್ಲ. ಶಿಲೀಂಧ್ರವೂ ಪಾಚಿಯೂ ಒಡಗೂಡಿದ ದೇಹ. ಪಾಚಿಯು ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸುವುದು. ಶಿಲೀಂಧ್ರವು ಅದಕ್ಕೆ ಮನೆಯಾಗಿ ತೇವವನ್ನು ಹಿಡಿದಿಡುವುದು. 1753ರಲ್ಲಿ ಲಿನ್ನೇಯಸನು ಇವನ್ನೆಲ್ಲ ಪಾಚಿಗಳ ಸಾಲಿಗೆ ಸೇರಿಸಿದ್ದನು. 1867ರಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡೆನರನು ಈ ಜೋಡಿಬಾಳನ್ನು ಸಾರಿದಾಗ ಪಂಡಿತರನೇಕರು ಒಪ್ಪಲಿಲ್ಲ. ಈಗಲಾದರೋ ಶಿಲೀಂಧ್ರವನ್ನನುಸರಿಸಿಯೇ ಇವಕ್ಕೆ ಹೆಸರಿಡುವರು.

ಉಷ್ಣವಲಯದ ಬಂಡೆಗಳಲ್ಲಿ ಕಾಣುವ ಪಾರ್ಮೊಟ್ರೀಮ ಟಿಂಕ್ಟೋರಮ್ ಎಂಬುದು ಮೊದಲು ಪಾರ್ಮೀಲಿಯ ಕುಲದಲ್ಲಿದ್ದು, 1974ರಲ್ಲಿ ಹೇಲ್ ಎಂಬ ವಿದ್ವಾಂಸರಿಂದ ಈಗಿನ ಕುಲಕ್ಕೆ ಸೇರಿತು. ಗುರುತು ಸುಲಭ: ಹಾಳೆಯನ್ನು ಕೊಂಚ ಕೆರೆದು, ಒಳಗಿನ ಬಿಳಿಯ ಪದರಕ್ಕೆ ಬ್ಲೀಚಿಂಗ್ ಪೌಡರಿನ ನೀರನ್ನು ತಾಕಿಸಿದರೆ ಕೆಂಪಾಗುವುದು. ಮಸಾಲೆಗೆ ಹೆಸರಾದ ಪಾರ್ಮೊಟ್ರೀಮ ಪರ್ಲಾಟಮ್ ಹಾಗೆ ಕೆಂಪಾಗದು.

ಇದು ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವುದು. ಹಾಳೆಯ ಮೇಲಣ ನವುರಾದ ಕಡ್ಡಿಗಳು ಉದುರಿ ಹೊಸ ಹೂವಾಗಬೇಕು. ಆದುದರಿಂದ ಮಾರಾಟಕ್ಕಾಗಿ ಹೆರೆಸುವ ಜಮೀನುದಾರರು ಬಂಡೆಯನ್ನು ಪೂರ್ತಿ ಬೋಳುಮಾಡಗೊಡದೆ, ಅಲ್ಲಲ್ಲಿ ಬೆಳೆದ ಹಾಳೆಗಳನ್ನು ಇದ್ದಂತೆಯೇ ಉಳಿಸತಕ್ಕದ್ದು.