ಮನೆ ಕಂದಾಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊಸ ಹಣಕಾಸು ವರ್ಷ ಶುರುವಾಗುತ್ತಿದ್ದಂತೆ ಆಸ್ತಿ ತೆರಿಗೆಯ ಪತ್ರಗಳೂ ಶುರು. ಹೆಚ್ಚಿನವು ಬೆಂಗಳೂರಿನವು. ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕೆಳಗಿನ ಮನೆಯಲ್ಲಿ ನಾನು, ನನ್ನ ಹೆಂಡತಿ ಇದ್ದೇವೆ. ಮಗನಿಗೆ ಪುಣೆಗೆ ವರ್ಗವಾದ ಮೇಲೆ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಬಾಡಿಗೆ ವಿಷಯ ಬಾಯಿಬಿಟ್ಟರೆ ಕಂದಾಯ ಡಬಲ್ ಆಗುತ್ತದೆ, ಸುಮ್ಮನಿದ್ದುಬಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ? ಬರುವ ಬಾಡಿಗೆ ಎಷ್ಟೆಂದು ನೋಡಿ ತೆರಿಗೆ ಹಾಕುತ್ತಾರೆಯೇ?
— ಬಸವೇಶ್ವರನಗರ, ಬೆಂಗಳೂರು

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ನಿಮಗೆ ಬಾಡಿಗೆ ಎಂಟು ಸಾವಿರ ಬಂದರೂ ಇಪ್ಪತ್ತು ಸಾವಿರ ಬಂದರೂ ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ವ್ಯತ್ಯಾಸವಾಗುವುದಿಲ್ಲ. 2008–09ರಿಂದ ಇಲ್ಲಿರುವುದು ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ. ನಗರವನ್ನು ಎ ಯಿಂದ ಎಫ್‌ವರೆಗೆ ಆರು ವಲಯಗಳಾಗಿ ವಿಂಗಡಿಸಿದ್ದಾರೆ. ಪ್ರತಿ ವಲಯಕ್ಕೂ ಚದರಡಿಗೆ ಇಷ್ಟೆಂದು ತಿಂಗಳ ದರ ಗೊತ್ತುಮಾಡಿದ್ದಾರೆ. ನಿಮ್ಮ ಬಾಡಿಗೆ ಕರಾರುಪತ್ರವನ್ನು ಯಾರೂ ಕೇಳುವುದಿಲ್ಲ. ಅವರು ನೋಡುವುದು ಆ ಮಹಡಿಯಲ್ಲಿ ಇರುವುದು ನೀವೋ ಬಾಡಿಗೆದಾರರೋ ಎಂಬುದನ್ನು ಮಾತ್ರ.

ಈಗ ಡಬಲ್ ವಿಷಯ. 2016ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಆರ್‌ಸಿಸಿ ಮನೆಗೆ ಡಿ ವಲಯದಲ್ಲಿ ಬಾಡಿಗೆ ಭಾಗಕ್ಕೆ ಚದರಡಿಗೆ 3.20 ರೂಪಾಯಿ, ಸ್ವಂತ ವಾಸಕ್ಕೆ 1.60. ಎ ವಲಯದಲ್ಲಿ 5 ಮತ್ತು 2.50, ಎಫ್‌ನಲ್ಲಿ 2 ಮತ್ತು 1. ಪಟ್ಟಿಯ ಯಾವ ಸಾಲು ನೋಡಿದರೂ ಸ್ವಂತ ವಾಸದ ದರ ಬಾಡಿಗೆ ದರದ ಸರಿಯಾಗಿ ಅರ್ಧ. ಹಾಗಾಗಿ ನಿಮ್ಮ ಪಕ್ಕದ ಮನೆಯವರ ಮಾತು ಅರ್ಧ ನಿಜ: ಮಹಡಿಯ ಪಾಲು ಎರಡರಷ್ಟಾಗುತ್ತದೆ, ಇಡೀ ಮನೆಯ ಕಂದಾಯವಲ್ಲ.

ನಿಮ್ಮ ಪತ್ರದಲ್ಲಿ ಅಳತೆ ಇಲ್ಲ. ಆದ್ದರಿಂದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಡಿ ವಲಯ, ಹತ್ತು ವರ್ಷದ ಆರ್‌ಸಿಸಿ ಕಟ್ಟಡ, ಕೆಳಗೆ ಸ್ವಂತಕ್ಕೆ 1,000 ಚದರಡಿ, ಮಹಡಿಯಲ್ಲಿ ಬಾಡಿಗೆಗೆ 800 ಚದರಡಿ. ಕೆಳಗಿನದಕ್ಕೆ ತಿಂಗಳಿಗೆ 1,600 ರೂಪಾಯಿ. ಅದನ್ನು ಹನ್ನೆರಡರಿಂದಲ್ಲ, ಹತ್ತರಿಂದ ಗುಣಿಸಬೇಕು. ಎರಡು ತಿಂಗಳದ್ದನ್ನು ದುರಸ್ತಿ, ನಿರ್ವಹಣೆಗೆಂದು ಕಾನೂನೇ ಬಿಟ್ಟುಕೊಟ್ಟಿದೆ. ಅಲ್ಲಿಗೆ 16,000. ಮಹಡಿಯದು 800ಕ್ಕೆ 3.20ರಂತೆ ಹತ್ತು ತಿಂಗಳಿಗೆ 25,600. ಎರಡೂ ಸೇರಿ 41,600. ಇದರಲ್ಲಿ ಕಟ್ಟಡದ ವಯಸ್ಸಿನ ಸವಕಳಿ ಕಳೆಯಬೇಕು. ಒಂಬತ್ತು ದಾಟಿ ಹನ್ನೆರಡು ವರ್ಷದೊಳಗಿನ ಕಟ್ಟಡಕ್ಕೆ ಶೇ 12, ಅಂದರೆ 4,992. ಉಳಿದದ್ದು 36,608. ಅದರ ಶೇ 20, ಅಂದರೆ 7,321 ರೂಪಾಯಿ 60 ಪೈಸೆ, ಆಸ್ತಿ ತೆರಿಗೆ. ಅದರ ಮೇಲೆ ಶೇ 24 ಉಪಕರ: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಎಲ್ಲ ಸೇರಿ ಸುಮಾರು 9,079 ರೂಪಾಯಿ.

ಇದೇ ಮನೆಯನ್ನು ಪೂರ್ತಿ ಸ್ವಂತ ವಾಸವೆಂದು ತೋರಿಸಿದರೆ 6,285 ರೂಪಾಯಿ ಆಗುತ್ತಿತ್ತು. ವರ್ಷಕ್ಕೆ 2,794 ರೂಪಾಯಿ ಉಳಿಸಲು ಹೋಗಿ ಸುಳ್ಳು ಘೋಷಣೆಗೆ ಸಹಿ ಹಾಕುವುದು ಜಾಣತನವಲ್ಲ. ಬಾಡಿಗೆದಾರರ ಮತದಾರರ ಚೀಟಿ, ಗ್ಯಾಸ್ ಸಂಪರ್ಕ, ನಿಮ್ಮದೇ ಆದಾಯ ತೆರಿಗೆ ವಿವರ ಎಲ್ಲದರಲ್ಲೂ ಆ ವಿಳಾಸ ಇರುತ್ತದೆ. ಬಳಕೆ ಬದಲಾದ ವರ್ಷ ಫಾರಂ 4 ಅಲ್ಲ, ಫಾರಂ 5 ತುಂಬಿ. ಏನೂ ಬದಲಾಗಿಲ್ಲ ಎನ್ನುವವರಿಗೆ 4, ಅಳತೆಯೋ ಬಳಕೆಯೋ ಬದಲಾಗಿದೆ ಎನ್ನುವವರಿಗೆ 5.

ಇನ್ನೊಂದು ಮಾತು. ಅಳತೆಯೆಂದರೆ ಕೋಣೆಯೊಳಗೆ ಟೇಪ್ ಹಿಡಿದು ನೋಡಿದ ಜಾಗ ಮಾತ್ರವಲ್ಲ. ಗೋಡೆಯ ದಪ್ಪ, ಬಾಲ್ಕನಿ ಎಲ್ಲ ಸೇರಿದ ಕಟ್ಟಡದ ವಿಸ್ತೀರ್ಣ. ಕಾರು ನಿಲ್ಲಿಸುವ ಜಾಗಕ್ಕೆ ಬೇರೆ, ಕಡಿಮೆ ದರವಿದೆ. ಅದನ್ನು ಮನೆಯ ಅಳತೆಗೆ ಸೇರಿಸಿ ಹೆಚ್ಚು ಕಟ್ಟುತ್ತಿರುವ ಪುಣ್ಯಾತ್ಮರೂ ಇದ್ದಾರೆ.

ಪ್ರಶ್ನೆ: ವರ್ಷಾ ವರ್ಷ ತಪ್ಪದೆ ಕಂದಾಯ ಕಟ್ಟಿದ್ದೇನೆ, ರಸೀದಿಗಳೆಲ್ಲ ಇವೆ. ಆದರೂ ನೀವು ವಲಯವನ್ನು ತಪ್ಪು ತೋರಿಸಿದ್ದೀರಿ, ವ್ಯತ್ಯಾಸದ ಹಣ ಕಟ್ಟಿ ಎಂದು ನೋಟಿಸು ಬಂದಿದೆ. ಹಣ ತೆಗೆದುಕೊಂಡು ರಸೀದಿ ಕೊಟ್ಟ ಮೇಲೆ ಮತ್ತೆ ಕೇಳಲು ಬರುತ್ತದೆಯೇ?
— ವಿಜಯನಗರ, ಬೆಂಗಳೂರು

ಉತ್ತರ: ಬರುತ್ತದೆ. ಸ್ವಯಂ ಘೋಷಣೆ ಎಂಬ ಎರಡು ಪದದಲ್ಲೇ ಇದಕ್ಕೆ ಉತ್ತರವಿದೆ. ರಸೀದಿ ಹಣ ಸಂದಾಯವಾಯಿತು ಎನ್ನುತ್ತದೆಯೇ ಹೊರತು ಲೆಕ್ಕ ಸರಿ ಎನ್ನುವುದಿಲ್ಲ.

ನಿಮ್ಮಂಥವರ ಪತ್ರಗಳು ಬಹಳ. ಎಲ್ಲಕ್ಕೂ ಮೂಲ ಒಂದೇ. 2016ರಲ್ಲಿ ದರ ಏರಿಸುವಾಗ ಮಾರ್ಗಸೂಚಿ ಬೆಲೆಯನ್ನು ನೋಡಿ ಎಷ್ಟೋ ರಸ್ತೆಗಳ ವಲಯವನ್ನೂ ಬದಲಿಸಿದರು. ನಿನ್ನೆ ಇ ಯಲ್ಲಿದ್ದ ರಸ್ತೆ ಡಿ ಗೆ ಬಂತು. ಮನೆಯವರು ಹಿಂದಿನ ವರ್ಷದ ಚಲನ್ ನೋಡಿಕೊಂಡು ಅದೇ ಅಕ್ಷರ ಬರೆದರು. ಕಚೇರಿಯೂ ಆಗ ತಡೆಯದೆ ವರ್ಷಗಳ ನಂತರ ಕಣ್ಣು ಬಿಟ್ಟಿತು. ಅಧಿಸೂಚನೆ ಹೊರಡಿಸಿದ ಪಾಲಿಕೆಯೇ ತನ್ನ ತಂತ್ರಾಂಶದಲ್ಲಿ ರಸ್ತೆಗೆ ವಲಯವನ್ನು ಕಟ್ಟಿಹಾಕಬಹುದಿತ್ತು, ತಪ್ಪು ಆಯ್ಕೆಗೆ ದಾರಿಯೇ ಇರುತ್ತಿರಲಿಲ್ಲ. ಜನರನ್ನು ಮಾತ್ರ ದೂರುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಅಭಿಪ್ರಾಯದಿಂದ ನೋಟಿಸು ರದ್ದಾಗುವುದಿಲ್ಲ, ಅದು ಬೇರೆ ಮಾತು.

ಮೊದಲು ನೋಟಿಸಿನ ಲೆಕ್ಕವನ್ನು ನೀವೇ ಹಾಕಿ ನೋಡಿ. ಮೇಲಿನ ಉದಾಹರಣೆಯ ಕೆಳಮನೆಯನ್ನೇ ತೆಗೆದುಕೊಳ್ಳಿ. ಡಿ ಬದಲು ಇ ಎಂದು ಬರೆದರೆ ದರ 1.60 ಹೋಗಿ 1.20 ಆಗುತ್ತದೆ. ಸವಕಳಿ ಕಳೆದು ಉಪಕರ ಸೇರಿಸಿದರೆ ವರ್ಷಕ್ಕೆ 873 ರೂಪಾಯಿ ಖೋತಾ. ನೋಟಿಸಿನ ಮೊತ್ತ ಇಂಥ ಲೆಕ್ಕಕ್ಕಿಂತ ತೀರಾ ದೊಡ್ಡದಿದ್ದರೆ ಅದರಲ್ಲಿ ಬಡ್ಡಿ ಎಷ್ಟು, ದಂಡ ಎಷ್ಟು, ಅಸಲು ಎಷ್ಟು ಎಂದು ವರ್ಷವಾರು ವಿವರವನ್ನು ಬರವಣಿಗೆಯಲ್ಲಿ ಕೇಳಿ. ನಿಮ್ಮ ರಸ್ತೆಯ ಹೆಸರು ಅಧಿಸೂಚನೆಯಲ್ಲಿ ಯಾವ ವಲಯದಲ್ಲಿದೆ ಎಂದು ಓದಿ. ಒಂದೇ ಹೆಸರಿನ ಮುಖ್ಯರಸ್ತೆಗೂ ಅಡ್ಡರಸ್ತೆಗೂ ಬೇರೆ ಬೇರೆ ವಲಯ ಇರುವುದುಂಟು. ನಿಮ್ಮ ಮನೆ ಅಡ್ಡರಸ್ತೆಯದಾದರೆ ವಿದ್ಯುತ್ ಬಿಲ್, ಕ್ರಯಪತ್ರದ ಚಕ್ಕುಬಂದಿ ಲಗತ್ತಿಸಿ ಸಹಾಯಕ ಕಂದಾಯ ಅಧಿಕಾರಿಗೆ ಆಕ್ಷೇಪಣೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ದಂಡ ಮೊದಲು ತಪ್ಪಿಸಿದ ತೆರಿಗೆಯ ಎರಡರಷ್ಟು ಇತ್ತು. 2024ರ ತಿದ್ದುಪಡಿಯಲ್ಲಿ ಅದನ್ನು ಒಂದರಷ್ಟಕ್ಕೆ ಇಳಿಸಿದರು. ಅದೇ ವರ್ಷ ತಂದ ಒಟಿಎಸ್ (ಬಾಕಿಯನ್ನು ಒಂದೇ ಬಾರಿಗೆ ತೀರಿಸುವ) ಯೋಜನೆ ಆ ವರ್ಷದ ನವೆಂಬರ್ 30ಕ್ಕೆ ಮುಗಿದಿದೆ. ಅದರ ಹೆಸರು ಹೇಳಿ ಈಗ ರಿಯಾಯಿತಿ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ದೂರವಿಡಿ.

ಪ್ರಶ್ನೆ: ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಬೋರ್ಡ್ ಹಾಕಿದರೆ ಇಡೀ ಮನೆಗೆ ವಾಣಿಜ್ಯ ದರ ಹಾಕುತ್ತಾರಂತೆ?
— ಕೆಂಗೇರಿ ಉಪನಗರ

ಉತ್ತರ: ಇಡೀ ಮನೆಗಲ್ಲ. ಅಂಗಡಿ ನಡೆಯುವ ಅಷ್ಟು ಚದರಡಿಗೆ ವಾಸೇತರ ದರ, ಉಳಿದದ್ದಕ್ಕೆ ವಾಸದ ದರ. ಫಾರಂನಲ್ಲೇ ಎರಡನ್ನೂ ಬೇರೆ ಬೇರೆ ತೋರಿಸಲು ಜಾಗವಿದೆ. ವಾಸೇತರ ದರ ಜಾಸ್ತಿ ಇರುವುದರಿಂದ ಆ ಕೋಣೆಯನ್ನು ಸರಿಯಾಗಿ ಅಳೆದು ಬರೆಯಿರಿ, ಅಂದಾಜು ಬೇಡ.

ಪ್ರಶ್ನೆ: ಮನೆ ಹಳೆಯದಾದಂತೆ ತೆರಿಗೆ ಇಳಿಯಬೇಕಲ್ಲವೇ? ನಮ್ಮದು ಮೂವತ್ತು ವರ್ಷದ ಮನೆ. ಬೆಂಗಳೂರಿನ ನಮ್ಮ ಅಣ್ಣನ ಮನೆಗೆ ಸವಕಳಿ ಕೊಡುತ್ತಾರೆ, ನಮಗೆ ಮಾತ್ರ ಪ್ರತಿ ವರ್ಷ ಏರುತ್ತಲೇ ಇದೆ.
— ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಅಣ್ಣನವರ ಲೆಕ್ಕವೇ ಬೇರೆ, ನಿಮ್ಮದೇ ಬೇರೆ. ಬೆಂಗಳೂರು ಬಿಟ್ಟರೆ ರಾಜ್ಯದ ಉಳಿದ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳಲ್ಲಿ ಇರುವುದು ಬಂಡವಾಳ ಮೌಲ್ಯ ಪದ್ಧತಿ. ಅಲ್ಲಿ ಬುಡ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ. ನಿವೇಶನದ ಬೆಲೆ, ಕಟ್ಟಡದ ಬೆಲೆ ಎರಡನ್ನೂ ಹಿಡಿದು, ಪೂರ್ತಿ ಮೌಲ್ಯದ ಮೇಲಲ್ಲ, ಅದರ ಒಂದು ಪಾಲಿನ ಮೇಲೆ ತೆರಿಗೆ ಹಾಕುತ್ತಾರೆ.

ಸವಕಳಿ ನಿಮಗೂ ಇದೆ, ಆದರೆ ಅದು ಸಿಗುವುದು ಕಟ್ಟಡಕ್ಕೆ ಮಾತ್ರ. ಗಾರೆ ಉದುರಬಹುದು, ನೆಲದ ಬೆಲೆ ಇಳಿಯುವುದಿಲ್ಲ. ಮೂವತ್ತು ವರ್ಷದ ಮನೆಯಲ್ಲಿ ಕಟ್ಟಡದ ಪಾಲು ಸಣ್ಣದು, ನಿವೇಶನದ ಪಾಲೇ ದೊಡ್ಡದು. 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಮಾರ್ಗಸೂಚಿ ಬೆಲೆ ಏರಿದ್ದು ನೆನಪಿರಬಹುದು. ಅಂಥ ಏರಿಕೆ ನಿಮ್ಮ ಚಲನ್‌ಗೆ ಇಳಿದು ಬರುತ್ತದೆ. ಬೆಂಗಳೂರಿನಲ್ಲಿ ಹಾಗಲ್ಲ. ಅಲ್ಲಿ ವಲಯವನ್ನೋ ದರವನ್ನೋ ಅಧಿಸೂಚನೆ ಮೂಲಕ ಬದಲಿಸುವ ತನಕ ಮಾರ್ಗಸೂಚಿ ಬೆಲೆ ಏರಿದರೂ ಕಂದಾಯ ಅಲ್ಲೇ ನಿಲ್ಲುತ್ತದೆ. ಕಟ್ಟಡ ಕಟ್ಟಿದ ವರ್ಷವನ್ನು ನಿಮ್ಮ ಪಾಲಿಕೆಯ ದಾಖಲೆಯಲ್ಲಿ ಸರಿಯಾಗಿ ನಮೂದಿಸಿದ್ದಾರೆಯೇ ಎಂದೊಮ್ಮೆ ನೋಡಿ. ಮಹಡಿಯನ್ನು ಆಮೇಲೆ ಕಟ್ಟಿದ್ದರೆ ಅದರ ವರ್ಷವೇ ಬೇರೆ. ಹೊಸ ಮಹಡಿಯ ವರ್ಷವನ್ನೇ ಇಡೀ ಮನೆಗೆ ಹಾಕಿ ಸವಕಳಿ ಕಳೆದುಕೊಂಡವರಿದ್ದಾರೆ.

ಪ್ರಶ್ನೆ: ನಮ್ಮದು ಬಿ ಖಾತೆ. ಹದಿನೈದು ವರ್ಷದಿಂದ ಕಂದಾಯ ಕಟ್ಟಿಸಿಕೊಂಡಿದ್ದಾರೆ ಎಂದರೆ ಮನೆಯನ್ನು ಸಕ್ರಮವೆಂದು ಒಪ್ಪಿದಂತಾಯಿತಲ್ಲವೇ?
— ಹೊರಮಾವು

ಉತ್ತರ: ಇಲ್ಲ. ಖಾತೆ ಎಂಬುದು ತೆರಿಗೆ ವಸೂಲಿಗೆ ಇಟ್ಟುಕೊಂಡ ಲೆಕ್ಕದ ಪುಸ್ತಕ. ಎ ಖಾತೆಯೂ ಮಾಲೀಕತ್ವದ ದಾಖಲೆಯಲ್ಲ. ಅದಕ್ಕೆ ಕ್ರಯಪತ್ರ, ವಿಭಾಗಪತ್ರ, ದಾನಪತ್ರವೇ ಬೇಕು. ನಕ್ಷೆ ಮಂಜೂರಾಗದ ಮನೆಯಿಂದಲೂ ತೆರಿಗೆ ವಸೂಲು ಮಾಡಲು ಕಾನೂನು ಅವಕಾಶ ಕೊಟ್ಟಿದೆ, ಹಾಗೆ ಕಟ್ಟಿದ್ದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದೂ ಹೇಳಿದೆ. ಬಿ ಖಾತೆಯನ್ನು ಎ ಖಾತೆಗೆ ಬದಲಿಸಲು 2025ರಲ್ಲಿ ಸರ್ಕಾರ ದಾರಿ ತೆರೆದಿದೆ, ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಕಂದಾಯದ ರಸೀದಿಗಳನ್ನು ಮಾತ್ರ ಎಸೆಯಬೇಡಿ, ಮುಂದೆ ಅವೇ ಬೇಕಾಗುತ್ತವೆ.

ಪ್ರಶ್ನೆ: ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತು. ಮಾರ್ಗಸೂಚಿ ಬೆಲೆ ಮೇಲೆ ತೆರಿಗೆ ಹಾಕುತ್ತಾರೆ ಎಂಬ ಸುದ್ದಿ ಓದಿದ್ದೆ. ಚಲನ್‌ನಲ್ಲಿ ಕಸದ ಹಣವೂ ಸೇರಿದೆ. ಯಾವುದು ನಿಜ?
— ಗೃಹಿಣಿ, ಬನಶಂಕರಿ

ಉತ್ತರ: ಮಾರ್ಗಸೂಚಿ ಬೆಲೆಯ ಕರಡನ್ನು 2024ರ ಫೆಬ್ರುವರಿಯಲ್ಲಿ ಹೊರಡಿಸಿದ್ದು ನಿಜ, ವಿರೋಧ ಬಂದ ಮೇಲೆ ಮುಂದೂಡಿದ್ದೂ ನಿಜ. 2025ರ ಸೆಪ್ಟೆಂಬರ್ 2ರಂದು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳಾದವು. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಂಡಿದ್ದರೆ ಅಲೆದಾಟ ತಪ್ಪುತ್ತದೆ.

ಕಸದ ಹಣ ತೆರಿಗೆಯಲ್ಲ, ಬಳಕೆದಾರರ ಶುಲ್ಕ. 2025ರ ಏಪ್ರಿಲ್‌ನಿಂದ ಕಂದಾಯದ ಜೊತೆಗೇ ವಸೂಲು ಮಾಡುತ್ತಿದ್ದಾರೆ. 600 ಚದರಡಿಯವರೆಗಿನ ವಾಸದ ಕಟ್ಟಡಕ್ಕೆ ತಿಂಗಳಿಗೆ 10 ರೂಪಾಯಿ, 1,001ರಿಂದ 2,000 ಚದರಡಿಗೆ 100, 4,000 ದಾಟಿದರೆ 400. ಮೇಲೆ ಹೇಳಿದ ಶೇ 24ರ ಉಪಕರದಲ್ಲಿ ಇದು ಸೇರಿಲ್ಲ.

ಪ್ರಶ್ನೆ: ಬಾಡಿಗೆ ಮನೆಗೆ ಕಟ್ಟಿದ ಕಂದಾಯವನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೇ?
— ಜಯನಗರ

ಉತ್ತರ: ಕಳೆಯಬಹುದು, ಎರಡು ಷರತ್ತಿದೆ. ಮಾಲೀಕರೇ ಕಟ್ಟಿರಬೇಕು, ಬಾಡಿಗೆದಾರರು ಕಟ್ಟಿದರೆ ಸಲ್ಲದು. ಆ ಹಣಕಾಸು ವರ್ಷದಲ್ಲೇ ಕಟ್ಟಿರಬೇಕು, ಬಾಕಿ ಇದೆ ಎಂದರೆ ಸಾಲದು. ಮಾರ್ಚ್ 31ರೊಳಗೆ ಕಟ್ಟಿದ ಹಳೆಯ ಬಾಕಿಯೂ ಆ ವರ್ಷದ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಎರಡು ಕಂತಿನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆಯೇ?
— ರಾಜಾಜಿನಗರ

ಉತ್ತರ: ಸಿಗುವುದಿಲ್ಲ. ಕಂತಿಗೆ ಅವಕಾಶವಿದೆ, ರಿಯಾಯಿತಿ ಮಾತ್ರ ಇಡೀ ವರ್ಷದ ಕಂದಾಯವನ್ನು ಒಟ್ಟಿಗೆ ಏಪ್ರಿಲ್ 30ರೊಳಗೆ ಕಟ್ಟಿದವರಿಗೆ. ಗಡುವು ಮುಂದೆ ಹಾಕಿದ ವರ್ಷಗಳೂ ಇವೆ, ಆದರೆ ಅದನ್ನು ನಂಬಿ ಕೂರಬೇಡಿ. ಕಟ್ಟುವ ಮುನ್ನ ಚಲನ್‌ನಲ್ಲಿ ವಲಯ, ಬಳಕೆ, ಕಟ್ಟಡದ ವರ್ಷ ಈ ಮೂರನ್ನೂ ಓದಿ ನೋಡಿ, ತಪ್ಪಿದ್ದರೆ ಫಾರಂ 5 ತುಂಬಿ.